ಇಪ್ಪತ್ತಕ್ಕೆ ಎಷ್ಟು

ಪೋರ್ತೊ ನಗರದ ಏರುಬೀದಿ, ಮೂರನೆಯ ಮಹಡಿ.
ಗುರುವಾರ ಸಂಜೆ ಏಳಕ್ಕೆ ನನ್ನ ಅಡುಗೆಮನೆಯ ಮೇಜಿನ ಮೇಲೆ
ಐದು ಸೀಸೆಗಳು
ಕುತ್ತಿಗೆಯವರೆಗೆ ಕಾಲುಚೀಲ ತೊಟ್ಟು ನಿಲ್ಲುತ್ತವೆ.
ಹೆಸರು ಕಾಣಕೂಡದು, ಊರು ಕಾಣಕೂಡದು.
ಬೆಲೆಯಂತೂ ಮೊದಲೇ ಗೊತ್ತು: ಮೂರು ಯೂರೋ ದಾಟಿದ್ದಕ್ಕೆ
ಈ ಮನೆಯ ಮೆಟ್ಟಿಲು ಹತ್ತುವ ಹಕ್ಕಿಲ್ಲ.

ಕಾಲುಚೀಲಗಳು ಬೆಲರ್ಮಿನೊನವು.
ಒಗೆದಿದ್ದೀಯಾ, ಎಂದು ಗ್ರಾಸಿಯೆತ್ ಪ್ರತಿ ವಾರ ಕೇಳುತ್ತಾಳೆ.
ಪ್ರತಿ ವಾರ ಅವನು ಒಂದನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ,
"ಕಪ್ಪು ದ್ರಾಕ್ಷಿ, ಹಳೆ ಚರ್ಮ, ಸ್ವಲ್ಪ ಮಳೆ" ಅನ್ನುತ್ತಾನೆ.

ಟ್ರಾಮ್ ಬ್ರೇಕುಗಳ ನಡುವೆ ಮೂವತ್ತು ವರ್ಷ ಕಳೆದ ಮೂಗು ಅದು.
ಅವನ ವೈನಿನಲ್ಲಿ ಕಾದ ಕಬ್ಬಿಣ, ಒದ್ದೆ ಮರಳು,
ಇಳಿಜಾರಿನಲ್ಲಿ ತಟ್ಟನೆ ನಿಂತ ಗಾಡಿಯ ಉಸಿರು.
ಗ್ರಾಸಿಯೆತ್ ಸ್ಮಶಾನದ ಗೇಟಿನಲ್ಲಿ ಹೂ ಮಾರುವವಳು;
ಅವಳಿಗೆ ಎಲ್ಲದರಲ್ಲೂ ಬಾಡಿದ ಸೇವಂತಿಗೆ,
ತೀರಾ ಕೆಟ್ಟದ್ದರಲ್ಲಿ ಬಕೆಟ್ಟಿನ ನೀರು.
ನನಗೆ ಅಷ್ಟೆಲ್ಲ ತಿಳಿಯದು.
ದಾಳಿಂಬೆ ಸಿಪ್ಪೆ ಕಚ್ಚಿದ ಹಾಗೆ ನಾಲಿಗೆಯನ್ನು ಹಿಂಡುವ ಒಗರು ತಿಳಿಯುತ್ತದೆ,
ಹುಳಿ ತಿಳಿಯುತ್ತದೆ, ಹುಳಿ ಮುಚ್ಚಲು ಹಾಕಿದ ಸಿಹಿಯೂ ತಿಳಿಯುತ್ತದೆ.
ಆಮೇಲೆ ಅಂಕ. ಅಂಕ ನನ್ನ ಕೆಲಸ.

ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿದ ಕೈ ಇದು.
ನಮ್ಮ ದೇಶದಲ್ಲಿ ಮಕ್ಕಳನ್ನು ಅಳೆಯುವುದು ಇಪ್ಪತ್ತಕ್ಕೆ.
ಇಪ್ಪತ್ತು ದೇವರಿಗೆ, ಹತ್ತೊಂಬತ್ತು ಪಾಠ ಹೇಳುವವರಿಗೆ,
ಉಳಿದದ್ದನ್ನು ಮಕ್ಕಳು ಹಂಚಿಕೊಳ್ಳಲಿ
ಎನ್ನುತ್ತಿದ್ದರು ನಮ್ಮ ಹೆಡ್ಮಿಸ್ಟ್ರೆಸ್ಸು.
ಹತ್ತಾದರೆ ಪಾಸು.
ಒಂಬತ್ತೆಂದರೆ ಬಾಗಿಲು ಹಾಕಿಕೊಂಡ ಸದ್ದು.

ನದಿಯಾಚೆ, ದೊಡ್ಡ ನೆಲಮಾಳಿಗೆಗಳ ದೀಪದಡಿ,
ಪ್ರವಾಸಿಗರು ತೆಳ್ಳನೆಯ ಗಾಜು ತಿರುಗಿಸುತ್ತಾರೆ, ಮೂಸುತ್ತಾರೆ, ಉಗುಳುತ್ತಾರೆ.
ನಾವು ಉಗುಳುವುದಿಲ್ಲ.
ದುಡ್ಡು ಕೊಟ್ಟು ತಂದದ್ದನ್ನು ಉಗುಳುವುದಕ್ಕೆ ನಮ್ಮ ತಾಯಂದಿರು ಕಲಿಸಿಲ್ಲ.

ಕಳೆದ ಗುರುವಾರ, ನಾಲ್ಕನೆಯದು,
ಹಿಮ್ಮಡಿ ತೂತಾದ ಬೂದು ಕಾಲುಚೀಲ.
ಒಂದು ಗುಟುಕಿಗೆ ಮೂವರೂ ಸುಮ್ಮನಾದೆವು.
ಹದಿನಾರು ಬರೆದೆ. ನನ್ನ ಬಿಗಿ ಮುಷ್ಟಿ
ಅಷ್ಟು ಸಡಿಲಾದದ್ದನ್ನು ಅವರು ಕಂಡಿರಲಿಲ್ಲ.
ಚೀಲ ಎಳೆದರೆ ಯಾವುದೋ ಸಹಕಾರಿ ಸಂಘದ ವೈನು,
ಎರಡು ಯೂರೋ ನಲವತ್ತೊಂಬತ್ತು, ಲೇಬಲ್ಲಿನಲ್ಲಿ ಒಂದು ಕತ್ತೆ.

"ಈ ಕತ್ತೆ ನನಗೆ ಗೊತ್ತು" ಎಂದಳು ಗ್ರಾಸಿಯೆತ್.
ಪುಟ ಹಿಂದಕ್ಕೆ ಮಗುಚಿದಳು, ನವೆಂಬರಿನ ತನಕ.
ಅದೇ ಕತ್ತೆ. ಅದೇ ವರ್ಷದ ಬೆಳೆ. ನನ್ನದೇ ಅಕ್ಷರ:
ತೆಳು. ಮುಂಗೋಪಿ. ಒಂಬತ್ತು.

ನವೆಂಬರಿನಲ್ಲಿ ಏನಾಗಿತ್ತು?
ಹೀಟರು ಕೆಟ್ಟಿತ್ತು, ಅಂದ ಬೆಲರ್ಮಿನೊ. ಮೀನು ಹುರಿದಿದ್ದೆವು.
ನಿನಗೆ ಹಲ್ಲುನೋವು. ಮತ್ತೆ, ಅದು ಕೊನೆಯ ಸೀಸೆ.
ಕೊನೆಯದು ಅಂದನಲ್ಲ,
ಅಲ್ಲಿಂದಾಚೆಗೆ ಅವರ ನಗು ನನಗೆ ಕೇಳಿಸಲಿಲ್ಲ.

ವಲ್ದೆಮಾರ್. ಕಿವಿಯ ಹಿಂದೆ ಪೆನ್ಸಿಲ್ಲು.
ತೇಜು ನದಿಯನ್ನು ಸಮುದ್ರದಿಂದ ಸ್ಪೇನಿನ ಕಡೆಗೆ ಹರಿಸಿದ್ದ.
ಅರವತ್ತೆರಡು ಉತ್ತರಪತ್ರಿಕೆಗಳ ತಳದಲ್ಲಿ ಅವನದು,
ರಾತ್ರಿ ಒಂದೂವರೆ.
ಉಳಿದ ಉತ್ತರ ಓದಿದೆನೇ? ಓದಿರಬೇಕು.
ಬೇಸಿಗೆ ರಜೆ ಮುಗಿದ ಮೇಲೆ ಅವನ ಬೆಂಚಿನಲ್ಲಿ ಬೇರೆ ಯಾರೋ ಇದ್ದರು.
ಅವನಿಗೆ ಕಾಲುಚೀಲ ತೊಡಿಸಿ
ಇನ್ನೊಂದು ಗುರುವಾರ ನನ್ನೆದುರು ನಿಲ್ಲಿಸುವವರು
ಇರಲಿಲ್ಲ.

ಇವರಿಗೆ ಹೇಳಲಿಲ್ಲ. ಲೋಟ ಚಾಚಿದೆ, ಇನ್ನೊಮ್ಮೆ ಹಾಕು ಎಂದೆ.
ಈಗ ಅದು ಹದಿನಾರೂ ಅಲ್ಲ, ಒಂಬತ್ತೂ ಅಲ್ಲ.
ಮೊದಲು ಒಗರು; ಆಮೇಲೆ ಗಂಟಲಿನಲ್ಲಿ
ಬಹಳ ಹೊತ್ತು ಇಳಿಯದೆ ನಿಂತದ್ದಕ್ಕೆ
ಬೆಲರ್ಮಿನೊನ ಬಳಿಯೂ ಪದ ಇರಲಿಲ್ಲ.

ಲೋಟ ಇಟ್ಟದ್ದು ಪುಸ್ತಕದ ಮೇಲೆ. ಎತ್ತಿದಾಗ
ನವೆಂಬರಿನ ಒಂಬತ್ತರ ಪಕ್ಕ ಒಂದು ಕೆಂಪು ಉಂಗುರ.
"ತೊಂಬತ್ತು!" ಮೇಜು ಗುದ್ದಿದ ಬೆಲರ್ಮಿನೊ,
"ಇಪ್ಪತ್ತಕ್ಕೆ ತೊಂಬತ್ತು!"
ಗ್ರಾಸಿಯೆತ್ ಬ್ರೆಡ್ಡು ಕೊಯ್ಯುತ್ತಿದ್ದಳು.
ಐದನೆಯದು ಇನ್ನೂ ಚೀಲದೊಳಗೇ ಇತ್ತು.
ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.