ಒರಿಜಿನಲ್ ಕೊಡಬೇಡ

ಮೊದಲು ಕೂತುಕೋ ರಿಹಾಬ್.
ಸ್ಟೂಲಿನ ಒಂದು ಕಾಲು ಕುಂಟು, ಗೋಡೆಗೆ ಒರಗು.
ಹಾಸನದ ಕೋರ್ಟಿನೆದುರು ಇಪ್ಪತ್ತೆರಡು ವರ್ಷದಿಂದ
ಈ ಜೆರಾಕ್ಸ್ ಮಿಷನ್ನಿನ ಮುಂದೆ ನಿಂತವಳು ನಾನು.
ಕಾನೂನು ಓದಿಲ್ಲ; ಕಾಗದದ ಬಿಸಿ ಬಲ್ಲೆ.

ಪಾಸ್‌ಪೋರ್ಟಿನ ಎಲ್ಲ ಹಾಳೆ, ಖಾಲಿ ಹಾಳೆಯೂ ಸೇರಿ, ಐದು ಪ್ರತಿ.
ಖಾಲಿಯದು ಯಾಕೆ ಎನ್ನಬೇಡ.
ಎಲ್ಲಿಗೂ ಹೋಗಿಲ್ಲ ಎನ್ನುವುದಕ್ಕೂ ಇಲ್ಲಿ ಸಾಕ್ಷಿ ಬೇಕು.
ಒರಿಜಿನಲ್ ಯಾರಿಗೂ ಕೊಡಬೇಡ.
ತೋರಿಸು,
ಒಂದು ಬೆರಳು ಮೇಲಿಟ್ಟುಕೊಂಡೇ ತೋರಿಸು.

ಫಾರಮ್ಮಿನಲ್ಲಿ ಹೆಸರಿಗೆ ಮೂರು ಮನೆ, ನಿನಗೆ ನಾಲ್ಕು ಹೆಸರು:
ನಿನ್ನದು, ಅಪ್ಪನದು, ಅಜ್ಜನದು, ಅವರಪ್ಪನದು.
ಯಾರನ್ನೂ ಹೊರಗೆ ನಿಲ್ಲಿಸಬೇಡ, ಒತ್ತೊತ್ತಿ ಬರೆ.
ಒಂದು ಕಡೆ ಒಂದು ಎ, ಇನ್ನೊಂದು ಕಡೆ ಎರಡು ಎ ಬಿದ್ದರೆ
ಇಬ್ಬರು ಹುಡುಗಿಯರಾಗುತ್ತೀಯ,
ಒಬ್ಬಳಿಗೂ ಜಾಗ ಸಿಗುವುದಿಲ್ಲ.

ಎಸ್.ಪಿ. ಆಫೀಸಿಗೆ ವೀಸಾ ಮುಗಿಯುವ ಮುಂಚೆ ಹೋಗು,
ಮುಗಿದ ಮೇಲಲ್ಲ.
ಮನೆ ಓನರು ಸಿ ಫಾರಂ ತುಂಬಿದ್ದಾರಾ ಕೇಳು.
ಇಲ್ಲವೆಂದರೆ ಜಗಳ ಬೇಡ, ನನ್ನ ಹತ್ತಿರ ಕಳಿಸು;
ಆ ಶಾಂತಮಲ್ಲಪ್ಪ ನಲ್ಲಿಯ ಬಿಂದಿಗೆ ಬಿಟ್ಟು
ಬೇರೇನನ್ನೂ ತುಂಬಿದವನಲ್ಲ.

ನಿರಾಶ್ರಿತರಿಗೆಂದೇ ಒಂದು ಕಾಯಿದೆ ಈ ದೇಶದಲ್ಲಿ ಇಲ್ಲವಂತೆ.
ವಕೀಲ ದ್ಯಾವೇಗೌಡರು ಹೇಳಿದರು, ಬೈಟು ಕಾಫಿಯ ಮಧ್ಯೆ.
ದಿಲ್ಲಿಯಲ್ಲಿ ವಿಶ್ವಸಂಸ್ಥೆಯ ಕಚೇರಿ ಇದೆ, ಹೆಸರು ಬರೆಸಬೇಕು,
ಕರೆದಾಗ ಮಾತಾಡಬೇಕು.
ಅವರು ಕೊಡುವ ಕಾರ್ಡು ಛತ್ರಿ; ಸೂರಲ್ಲ.

ಕೇಳುತ್ತಾರೆ: ಯಾಕೆ ವಾಪಸ್ ಹೋಗಲಾರೆ?
ಮೊದಲು ತಾರೀಖು ಹೇಳು, ಆಮೇಲೆ ಅಳು.
ಓಂದುರ್ಮಾನಿನ ನಿಮ್ಮ ಬೀದಿ, ಮೂಲೆಯ ಬೇಕರಿ,
ಅಣ್ಣ ಚಪ್ಪಲಿ ಹಾಕದೆ ಓಡಿದ್ದು.
ಫೋನಿನಲ್ಲಿ ಕೇಳಿದ್ದನ್ನು ಫೋನಿನಲ್ಲಿ ಕೇಳಿದೆ ಎನ್ನು,
ಕಂಡೆ ಅನ್ನಬೇಡ.
ನೀನಾಗ ಇಲ್ಲಿ ಫಾರ್ಮಸಿ ಪರೀಕ್ಷೆ ಬರೆಯುತ್ತಿದ್ದೆ,
ಅದನ್ನೂ ಹೇಳು, ನಾಚಿಕೆ ಬೇಡ.

ಹತ್ತು ಸಾವಿರಕ್ಕೆ ಆಧಾರ್ ಮಾಡಿಸುತ್ತೇನೆ ಎನ್ನುತ್ತಾ
ಬಸ್‌ಸ್ಟ್ಯಾಂಡಿನ ಹಿಂದೆ ಒಬ್ಬ ಸಿಗುತ್ತಾನೆ, ನಗುಮುಖದವ.
ಅವನ ಕಾರ್ಡು ಕೊರಳಿಗೆ ಕಟ್ಟಿಕೊಂಡ ಗುಂಡುಕಲ್ಲು.
ಹಸಿವಾದರೆ ನನ್ನ ಮನೆಗೆ ಬಾ. ಅವರೆಕಾಳಿನ ಕಾಲ,
ನಿಮ್ಮೂರ ಫೂಲ್‌ನ ದೂರದ ನೆಂಟ ಅಂದಿದ್ದೆಯಲ್ಲ.

ಇನ್ನೊಂದು. ಕೌಂಟರಿನಲ್ಲಿ "ನಾಳೆ ಬಾ" ಅನ್ನುತ್ತಾರೆ.
ನಾನು ಚಿಕ್ಕವಳಿದ್ದಾಗ ಓಣಿಯ ಬಾಗಿಲುಗಳ ಮೇಲೆ
ಇದ್ದಿಲಿನಲ್ಲಿ ಇದನ್ನೇ ಬರೆದಿರುತ್ತಿದ್ದರು,
ದೆವ್ವ ಓದಿಕೊಂಡು ಹಿಂದಿರುಗಲಿ ಅಂತ.
ದಿನಾ ಓದುತ್ತಿತ್ತು, ದಿನಾ ನಂಬುತ್ತಿತ್ತು, ಪಾಪ.
ನೀನು ದೆವ್ವವಲ್ಲ.
ಮಾರನೇ ದಿನ ಹೋಗಿ ನಿಂತು ಹೇಳು:
ನೆನ್ನೆಯ ನಾಳೆ ಇವತ್ತು, ಸಾರ್.
ಮೊಹರು ಬೀಳುವವರೆಗೆ ಕದಲಬೇಡ.
ಸ್ವೀಕೃತಿ. ಹೇಳು, ಸ್ವೀ-ಕೃ-ತಿ.
ನಾಲಿಗೆ ತಿರುಗದಿದ್ದರೆ ಬಿಡು, ಮುಷ್ಟಿಯಲ್ಲಿ ಗುದ್ದಿ ತೋರಿಸು.

ನಮ್ಮಪ್ಪ ಅಂತೋಣಿಯದೂ ಒಂದು ಫೈಲು ಇದೆ ಆ ಡ್ರಾಯರಿನಲ್ಲಿ.
ಹೇಮಾವತಿಗೆ ಅಣೆ ಕಟ್ಟಿದಾಗ ಮುಳುಗಿದ ಊರು ನಮ್ಮದು.
ಹೋಲಿಸುತ್ತಿಲ್ಲ ತಾಯಿ,
ನಮಗೆ ನೋಟೀಸು ಕೊಟ್ಟು ನೀರು ಬಿಟ್ಟರು.
ಬೇಸಿಗೆಯಲ್ಲಿ ಇಗರ್ಜಿಯ ಗೋಡೆ ಮೇಲೇಳುತ್ತದೆ,
ಅಪ್ಪ ಹೋಗಿ ಮುಟ್ಟಿ ಬರುತ್ತಿದ್ದ.
ನಿನಗೆ ಅಂಥ ಬೇಸಿಗೆ ಯಾವಾಗಲೋ.
ಅದಕ್ಕೆ ಫಾರಂ ನನ್ನ ಹತ್ತಿರ ಇಲ್ಲ.

*

ಅವಳು ಹೋದ ಮೇಲೆ, ಸಂಜೆ, ಮುಚ್ಚಳ ಎತ್ತಿದರೆ
ಗಾಜಿನ ಮೇಲೆ ಬೋರಲು ಮಲಗಿದೆ ಅವಳ ಜನನಪತ್ರ.
ಬಲದಿಂದ ಎಡಕ್ಕೆ ಹರಿಯುವ ಅಕ್ಷರ,
ಮೂಲೆಯಲ್ಲಿ ಮಾಸಿದ ಮೊಹರು.
ಒರಿಜಿನಲ್ಲು.
ಇಷ್ಟೆಲ್ಲ ಹೇಳಿದ ನಾನೇ ತೆಗೆದುಕೊಡಲು ಮರೆತಿದ್ದೆ.

ಫೋನು ಮಾಡಿ, ಬಾಯಿಯ ಅಭ್ಯಾಸ,
ನಾಳೆ ಬಾ, ಅಂದುಬಿಟ್ಟೆ.
ಆ ಕಡೆ ಉಸಿರಿಲ್ಲ.

ಇಲ್ಲ ಕಣೇ, ಈಗಲೇ.
ಶಟರು ಅರ್ಧ ಎತ್ತಿಟ್ಟಿದ್ದೇನೆ,
ತಲೆ ಜೋಪಾನ, ಬಗ್ಗಿ ಬಾ.