ಅಗಸೆ ಎಣ್ಣೆ

ಒಂದು ನಿಮಿಷ ಹನ್ನೆರಡು ಸೆಕೆಂಡು
ಅವಳು ಓಡಿದ್ದು.
ನನಗೆ ಇದು ಏಳನೇ ವಾರ,
ಹಿಂಗಾಲಿನ ಕಂದು ಇನ್ನೂ ಒಣಗಿಲ್ಲ.
ಪುಣೆಯ ಆಗಸ್ಟು; ಗೋಡೆಯೇ ಬೆವರುತ್ತದೆ,
ಎಣ್ಣೆಬಣ್ಣದ ಗತಿಯೇನು.

ಬೆಳಗಿನ ಐದೂವರೆಗೆ ರೇಸ್‌ಕೋರ್ಸಿನ ಬೇಲಿ ಹಿಡಿದು ನಿಂತಿದ್ದೇನೆ.
ಮೊದಲು ಸದ್ದು, ಆಮೇಲೆ ಉಸಿರು,
ಆಮೇಲೆ, ನೋಡಬೇಕು ಅನ್ನುವಷ್ಟರಲ್ಲಿ, ಬೆನ್ನು.
ಪೆನ್ಸಿಲ್ಲಿಗೆ ಸಿಕ್ಕಿದ್ದು ಬಾಲ ಮಾತ್ರ.
ಫೋಟೋ ತೆಗೆದೆ. ಅದರಲ್ಲಿ ಕುದುರೆ
ನಾಲ್ಕೂ ಕಾಲು ಹೊಟ್ಟೆಯಡಿ ಮುದುಡಿಕೊಂಡು
ಗಾಳಿಯಲ್ಲಿ ಯಾರೋ ಮರೆತುಹೋದ ಸ್ಟೂಲಿನಂತೆ.
ನಿಜ ಅದೇ ಅಂತೆ. ಆದರೆ
ನಿಜ ಓಡುತ್ತಿರಲಿಲ್ಲ.

ಸವಾರನದು ಸುಲಭ ಅಂದುಕೊಂಡಿದ್ದೆ:
ಹಸಿರು ರೇಷ್ಮೆ, ಹಳದಿ ಚುಕ್ಕೆ, ಐವತ್ತೆರಡು ಕಿಲೋ ನೊರೋನ್ಹಾ.
ಜೀನಿನ ಮೇಲೆ ಕೂರುವುದೇ ಇಲ್ಲ ಅವನು,
ಕಿವಿಯಲ್ಲಿ ಸಾಲ ಕೇಳುವವನ ಹಾಗೆ ಬಾಗಿರುತ್ತಾನೆ.
ಐದನೇ ವಾರ ಕುದುರೆ ಮಾರಾಟವಾಯಿತು.
ಹೊಸ ಧಣಿಯ ಫೋನು: ಅಂಗಿ ಮೆರೂನ್ ಮಾಡಿ.
ಮಾಡಿದೆ. ತೋಳಿನ ಮಡಿಕೆಯಲ್ಲಿ
ಹಳೆಯ ಹಸಿರು ಸ್ವಲ್ಪ ಇಣುಕುತ್ತದೆ.
ಬಿಟ್ಟಿದ್ದೇನೆ.

ನಿನ್ನೆ ದಸ್ತಗೀರ ಬಂದ, ಅವಳ ಸಯೀಸ.
ಅಕ್ಕಲಕೋಟೆಯವನು; ಮರಾಠಿಯಲ್ಲಿ ಶುರುಮಾಡಿ
ನನ್ನ ಗೋಡೆಯ ಕ್ಯಾಲೆಂಡರಿನ ಅಕ್ಷರ ನೋಡಿ
ಕನ್ನಡಕ್ಕೆ ಇಳಿದ.
ಬಾಗಿಲಲ್ಲೇ ಮೂಗರಳಿಸಿ,
‘ಅಗಸಿ ಎಣ್ಣಿ ವಾಸನಿ ಬರ್ತದಲ್ರೀ ಬಾಯಿ!’
ಸೀಸೆ ತೋರಿಸಿದೆ. ನಕ್ಕ.
‘ನಾನೂ ಅಗಸಿ ಕುದಿಸಿ ಹಾಕ್ತೀನ್ರಿ ಆಕಿಗೆ,
ಮೈ ಮಿಂಚಲಿ ಅಂತ.’

ಆಮೇಲೆ ಚಿತ್ರದ ಮುಂದೆ ಬಹಳ ಹೊತ್ತು ಸುಮ್ಮನೆ.
ಕಾಲು ನೋಡಲಿಲ್ಲ. ಅಂಗಿ ನೋಡಲಿಲ್ಲ.
‘ಓಟ ಕಾಲಾಗ ಇರಂಗಿಲ್ರಿ, ಕುತಗ್ಯಾಗ ಇರ್ತದ.
ಇಲ್ಲಿ ಆಕಿ ಯಾರದೋ ಮಾತು ಕೇಳಾಕತ್ತಾಳ.
ಓಡುವಾಗ ಆಕಿ ನನ್ನ ಮಾತೂ ಕೇಳಂಗಿಲ್ಲ’
ಎನ್ನುತ್ತಾ, ಅಭ್ಯಾಸಬಲ,
ಕೈ ಚಾಚಿ ಕುತ್ತಿಗೆ ಸವರಿಬಿಟ್ಟ.
ಕಿವಿಯ ಹಿಂದಿನಿಂದ ಹೆಗಲವರೆಗೆ,
ಹಸಿ ಬಣ್ಣದಲ್ಲಿ ನಾಲ್ಕು ಬೆರಳು.

ಇಬ್ಬರೂ ಗಾಬರಿ.
ಚಿಂದಿಗೆ ಟರ್ಪೆಂಟೈನ್ ಹಾಕಿಕೊಂಡು ಹತ್ತಿರ ಹೋದೆ,
ದೂರ ಬಂದೆ. ಮತ್ತೆ ಹೋದೆ.
ಚಿಂದಿಯನ್ನು ಅವನ ಕೈಗೆ ಕೊಟ್ಟೆ.

ಒರೆಸಿಕೊಂಡ; ಉಗುರಿನ ಸಂದಿಯದು ಹೋಗಲಿಲ್ಲ.
‘ಐದಕ್ಕ ದಾಣಿ ಹಾಕಬೇಕ್ರಿ’ ಎಂದು ಮೆಟ್ಟಿಲಿಳಿದ,
ಮಳೆಯಲ್ಲಿ ಸೈಕಲ್ಲು ಈಸ್ಟ್ ಸ್ಟ್ರೀಟಿನ ಕಡೆ.
ಶನಿವಾರ ಮೆರೂನ್ ಧಣಿ ಬರುತ್ತಾನೆ.
ಒಣಗಿರುವುದಿಲ್ಲ.