ಪಕ್ಕಪಕ್ಕ ಕೂರದಂತೆ

ಏಳು ಜನ ಒಂದು ಸಾಲಿನಲ್ಲಿ ಕೂರಬೇಕು.
ಅವರಲ್ಲಿ ಇಬ್ಬರು ಪಕ್ಕಪಕ್ಕ ಕೂರಬಾರದು.
ಎಷ್ಟು ವಿಧ?

ಆ ಇಬ್ಬರು ಯಾರು, ಯಾಕೆ ಕೂರಬಾರದು,
ಪ್ರಶ್ನೆಪತ್ರಿಕೆಗೆ ಅದು ಬೇಡ.
ಅದಕ್ಕೆ ಬೇಕಾದ್ದು ನಾಲ್ಕರಲ್ಲಿ ಒಂದು ಉತ್ತರ,
ಎಂಬತ್ತು ಸೆಕೆಂಡಿನೊಳಗೆ.

ನನಗೆ ಗೊತ್ತುಂಟು ಯಾರೆಂದು.
ಉರ್ವ ಮಾರ್ಕೆಟಿನ ಮೀನಿನ ಕಟ್ಟೆಯಲ್ಲಿ, ಬಾಗಿಲ ಕಡೆಯಿಂದ,
ವಾರಿಜ, ನನ್ನಮ್ಮ. ಆಮೇಲೆ ಅಪ್ಪಿಯಕ್ಕ, ಸೀತು,
ಕಾಣೆ ಬಿಟ್ಟು ಬೇರೇನೂ ಮಾರದ ಬೇಬಿ,
ಕಿವಿ ಕೇಳದ ರುಕ್ಕು, ಸುಗಂಧಿ,
ಕೊನೆಗೆ, ನಲ್ಲಿಯ ಹತ್ತಿರ, ಕಲ್ಯಾಣಿ ದೊಡ್ಡಮ್ಮ.
ಅಜ್ಜಿಯ ಚಕ್ರಸರ ಎರಡು ತುಂಡಾಗಲಿಲ್ಲ,
ಅಕ್ಕತಂಗಿ ಆದರು.
ಹನ್ನೊಂದು ವರ್ಷ.

ಚಿಲಿಂಬಿಯ ಮಹಡಿಯಲ್ಲಿ ತಾವ್ರೊ ಸರ್
ಏಳು ಬರೆದು, ಪಕ್ಕಕ್ಕೊಂದು ಆಶ್ಚರ್ಯಸೂಚಕ ಹಾಕಿದರು.
ಗಣಿತಕ್ಕೂ ಆಶ್ಚರ್ಯವಾಗುವುದುಂಟೆಂದು
ನನಗೆ ಅವತ್ತೇ ತಿಳಿದದ್ದು.
ಐದು ಸಾವಿರದ ನಲವತ್ತು.
"ಈಗ ಬೇಡದ್ದನ್ನು ಕಳೆಯಿರಿ.
ಬೇಡದ್ದು ಯಾವುದು? ಅವರಿಬ್ಬರು ಒಟ್ಟಿಗಿರುವುದು.
ಹಾಗಾದರೆ ಮೊದಲು ಇಬ್ಬರನ್ನೂ ಸೇರಿಸಿ ಒಂದು ಕಟ್ಟು ಕಟ್ಟಿ,
ಒಬ್ಬರೆಂದೇ ತಿಳಿಯಿರಿ.
ಕಟ್ಟಿನೊಳಗೆ ಎಡಬಲ ಬದಲಾದೀತು, ಅದಕ್ಕೆ ಎರಡರಿಂದ ಗುಣಿಸಿ."

ನಾನು ಕಟ್ಟಿದೆ,
ಬಾಳೆನಾರಿನಲ್ಲಿ ಅಬ್ಬಲಿಗೆ ಕಟ್ಟುವ ಹಾಗೆ,
ಅಮ್ಮನ ತಲೆ ಆಚೆ, ದೊಡ್ಡಮ್ಮನದು ಈಚೆ,
ಒಮ್ಮೆ ಹೀಗೆ, ಒಮ್ಮೆ ಹಾಗೆ,
ಸಾವಿರದ ನಾನೂರ ನಲವತ್ತು ಸಲ
ರಫ್ ಪುಸ್ತಕದಲ್ಲಿ ಅವರನ್ನು ಪಕ್ಕಪಕ್ಕ ಕೂರಿಸಿದೆ.
ಆಮೇಲೆ ಕಳೆದೆ.

ಮೂರು ಸಾವಿರದ ಆರುನೂರು. ಆಯ್ಕೆ ಸಿ.
ಒಂದು ಗಂಟೆಗೆ ಎಷ್ಟು ಸೆಕೆಂಡೋ ಅಷ್ಟು.

ರಾತ್ರಿ ಬೋಳೂರಿನ ಮನೆಯಲ್ಲಿ
ಲಿಂಬೆಸಿಪ್ಪೆಯಿಂದ ಕೈ ತಿಕ್ಕುತ್ತ ಅಮ್ಮ
"ಏನದು ಲೆಕ್ಕ?" ಎಂದಳು.
ಹೆಸರು ಹೇಳದೆ ಹೇಳಿದೆ.
"ಅಷ್ಟೆಲ್ಲ ವಿಧ ಉಂಟಾ?
ನಾವು ಒಂದರಲ್ಲೇ ಕೂತದ್ದಲ್ಲ, ಇಷ್ಟು ವರ್ಷ."

ಇನ್ನೊಂದು ಪ್ರಶ್ನೆಯನ್ನು ಮಾತ್ರ ಅವಳು ಒಪ್ಪಲಿಲ್ಲ:
ಒಂದೇ ಬಗೆಯ ಹತ್ತು ವಸ್ತುಗಳನ್ನು ಮೂವರಿಗೆ ಹಂಚುವುದು.
"ಒಂದೇ ಬಗೆ ಅಂದರೆ?"
"ಬೂತಾಯಿ ಅಂದುಕೋ."
"ಬೂತಾಯಿ ಎಲ್ಲ ಒಂದೇ ಬಗೆಯೆಂದು ಹೇಳಿದ್ದು ಯಾರು?
ಕಿವಿರು ಎತ್ತಿ ನೋಡಿದ್ದುಂಟಾ ನಿನ್ನ ಸರ್?"
ಅರವತ್ತಾರು ಎಂದು ಬರೆದು
ದೀಪ ಆರಿಸಿದೆ.

ಜೂನ್. ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿ ನಿಂತವು.
ಐಸಿನ ಮೀನೂ ಬಾರದ ಒಂದು ಮಂಗಳವಾರ
ಅಮ್ಮ ಮರೆತ ಕೊಡೆ ಹಿಡಿದು ಮಾರ್ಕೆಟಿಗೆ ಹೋದೆ.
ಐವರು ಬಂದಿರಲಿಲ್ಲ.
ಬಾಗಿಲ ಬಳಿ ಅಮ್ಮ, ಒಣ ನಂಗಿನ ಬುಟ್ಟಿ.
ನಲ್ಲಿಯ ಬಳಿ ದೊಡ್ಡಮ್ಮ, ಒಣ ಎಟ್ಟಿಯ ರಾಶಿ.
ನಡುವೆ ತೊಳೆದ ಕಲ್ಲು, ಒಂದು ಬೆಕ್ಕು.

ಏಳರ ಬದಲು ಎರಡು ಹಾಕಿ ನೋಡಿದೆ.
ಎರಡರಲ್ಲಿ ಎರಡು ಕಳೆದರೆ ಸೊನ್ನೆ.
ಇಬ್ಬರೇ ಇರುವಾಗ
ಪಕ್ಕದಲ್ಲಿಲ್ಲದೆ ಕೂರುವುದಕ್ಕೆ
ಒಂದು ವಿಧವೂ ಇಲ್ಲ.
ಖಾಲಿ ಜಾಗವನ್ನೂ ಎಣಿಸಿದರೆ ಮೂವತ್ತು.
ಎಣಿಸಬೇಕೋ ಬೇಡವೋ,
ಪ್ರಶ್ನೆಯಲ್ಲಿ ಹೇಳಿಲ್ಲ.

ಅಷ್ಟರಲ್ಲಿ ದೊಡ್ಡಮ್ಮ, ಗೋಡೆಗೆ ಹೇಳುವ ಹಾಗೆ,
"ಐನೂರಕ್ಕೆ ಚಿಲ್ಲರೆ ಉಂಟಾ?"

ಬೆಕ್ಕು ತಿರುಗಿ ನೋಡಿತು.
ಅಮ್ಮ ಸೊಂಟದ ಚೀಲ ಬಿಚ್ಚಿದಳು.
ನೂರು, ನೂರು, ಐವತ್ತು, ಒದ್ದೆಯಾದ ಹತ್ತುಗಳು.
ಐನೂರನ್ನು ಎಷ್ಟು ವಿಧದಲ್ಲಿ ಮುರಿಯಬಹುದೋ,
ಅದು ನಮ್ಮ ಸಿಲಬಸ್ಸಿನಲ್ಲಿಲ್ಲ.
ನನ್ನ ಕೈಯಲ್ಲಿಟ್ಟು "ಕೊಟ್ಟು ಬಾ" ಎಂದಳು.

ಐದು ಖಾಲಿ ಜಾಗ ದಾಟಿ ನಡೆದೆ.
ದೊಡ್ಡಮ್ಮ ಎಣಿಸಲಿಲ್ಲ.
ಹಾಗೇ ಸೆರಗಿಗೆ ಕಟ್ಟಿಕೊಂಡಳು.